ಅಮೃತಮಹಲ್ ಸೇವೆಯಲ್ಲಿದ್ದ ಮನೆತನದ ಇತಿಹಾಸ: ಕಡತದ ಕಾಲ ನಿರ್ಧರಿಸುವುದು ಹೇಗೆ?

ಹಟ್ಟಿಮನೆ:
ನಮ್ಮ ಹಿರಿಯರು ಮೈಸೂರು ಅರಸರ ದನದ ಇಲಾಖೆಯಾದ ಅಮೃತಮಹಲ್‌ನಲ್ಲಿದ್ದರು ಎಂಬ ಮಾತು ಮನೆಯಲ್ಲಿದೆ. ಕೈಯಲ್ಲಿರುವುದು ಒಂದು ಹಳೆಯ ಕಡತ (ಕಪ್ಪು ಬಳಿದ ಬಟ್ಟೆಯ ಮಡಿಕೆ ಪುಸ್ತಕ) ಮತ್ತು "ಅಮೃತಮಹಲ್ ಕಾವಲು" (ಕಾವಲು ಎಂದರೆ ದನ ಮೇಯುವ ಹುಲ್ಲುಗಾವಲು) ಎಂದು ನಮೂದಾದ ಒಂದು ಪಹಣಿ. ಕಡತದ ತಲೆಯಲ್ಲಿ "ಧಾತು ಸಂವತ್ಸರದ ಮಾರ್ಗಶಿರ" ಎಂದಿದೆ, ಶಕವರ್ಷ ಇಲ್ಲ. ಒಳಗೆ "ಅಮೃತಮಹಲ್" ಎಂಬ ಮಾತು ಎರಡು ಕಡೆ ಬರುತ್ತದೆ, ಕೆಳಗೆ ದನದ ಎಣಿಕೆಯಂಥ ಸಾಲುಗಳಿವೆ. ಮನೆತನದ ಪುಸ್ತಕಕ್ಕೆ "ಚಿಕ್ಕದೇವರಾಜ ಒಡೆಯರ ಕಾಲದಿಂದ" ಎಂದು ಬರೆಯಬಹುದೇ?

ಶಾಸನಪ್ರಿಯ:
ಈ ಕಡತದ ಆಧಾರದ ಮೇಲೆ ಬರೆಯಬೇಡಿ. ಚಿಕ್ಕದೇವರಾಜ ಒಡೆಯರ್ (1673–1704) ಕಾಲದಲ್ಲಿ ಇಲಾಖೆಗೆ ಇದ್ದ ಹೆಸರು ಬೆಣ್ಣೆ ಚಾವಡಿ. ಅದನ್ನು ಅಮೃತಮಹಲ್ ಮಾಡಿದವನು ಟಿಪ್ಪು, ಆಳಿದ್ದು 1782ರಿಂದ 1799. ಆ ಹೆಸರಿರುವ ಬರಹ 1782ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. 

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಧಾತು ಬಂದದ್ದು 1756, 1816, 1876, 1936ರಲ್ಲಿ. ಮೊದಲನೆಯದು ಹೆಸರಿನಿಂದಲೇ ಬಿದ್ದುಹೋಯಿತು. 1936ರ ಹೊತ್ತಿಗೆ ಸರ್ಕಾರಿ ಲೆಕ್ಕ ಕಾಗದದ ರಿಜಿಸ್ಟರಿಗೆ ಬಂದಾಗಿತ್ತು. ಉಳಿದದ್ದು ಎರಡು. 1816ರಲ್ಲಿ ಮಂದೆ ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಕೈಯಲ್ಲಿತ್ತು (1813ರಲ್ಲಿ ವಹಿಸಿಕೊಂಡಿದ್ದರು). 1860ರಲ್ಲಿ ಮಂದೆ ಮಾರಿ, 1866ರಲ್ಲಿ ಮತ್ತೆ ಕಟ್ಟಿ, 1882ರಲ್ಲಿ ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು. ಹಾಗಾಗಿ 1876ರಲ್ಲೂ ಅದು ಬ್ರಿಟಿಷರ ಇಲಾಖೆಯೇ. ಆ ವರ್ಷವಾದರೆ ಇದು ಧಾತು ಈಶ್ವರ ಬರದ (1876–78ರ ದೊಡ್ಡ ಕ್ಷಾಮ) ಕಾಲದ ಕಡತ, ಎಣಿಕೆಯಲ್ಲಿ ಸತ್ತ ದನಗಳ ಸಾಲು ಇರಬಹುದು.

ತಿಥಿಯ ಜೊತೆ ವಾರ ಬರೆದಿದೆಯೇ ನೋಡಿ. ಇದ್ದರೆ ಎರಡೂ ವರ್ಷದ ಪಂಚಾಂಗಕ್ಕೆ ತಾಳೆ ಹಾಕಿ. ಆಕಸ್ಮಿಕವಾಗಿ ಹೊಂದುವ ಸಾಧ್ಯತೆ ಏಳರಲ್ಲಿ ಒಂದು, ಹಾಗಾಗಿ ಒಂದೇ ದಿನಾಂಕಕ್ಕೆ ನಿಲ್ಲಬೇಡಿ, ಮೂರ್ನಾಲ್ಕು ನೋಡಿ.

ಬಲಪ:
ಓದುವ ಮುಂಚೆ ಒಂದು ಮಾತು. ಕಡತವನ್ನು ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಬಲಪದಲ್ಲಿ ಬರೆದದ್ದು ಅದು. ಅಕ್ಷರ ಮೇಲ್ಪದರದಲ್ಲಿ ಕೂತಿರುತ್ತದೆ, ಒಳಗಿಳಿದಿರುವುದಿಲ್ಲ. ತೇವ ತಗುಲಿದರೆ ಅಂಟು ಇಳಿಯುತ್ತದೆ, ಬೆರಳು ಉಜ್ಜಿದರೂ ಗೀಟು ಹೋಗುತ್ತದೆ. ಧೂಳಿಗೆ ಒಣ ಮೆದು ಬ್ರಷ್, ಅದೂ ಅಕ್ಷರವಿಲ್ಲದ ಅಂಚಿಗೆ ಮಾತ್ರ. ಲ್ಯಾಮಿನೇಷನ್, ಸೆಲೋಟೇಪ್ ಬೇಡವೇ ಬೇಡ. ಹುಣಸೆ ಅಂಟು ಹುಳಕ್ಕೆ ಇಷ್ಟ, ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ.

ಮಡಿಕೆ ಗಟ್ಟಿಯಾಗಿದ್ದರೆ ಎಳೆದು ಬಿಡಿಸಬೇಡಿ, ಪದರ ಚಕ್ಕೆ ಏಳುತ್ತದೆ. ಬಿಡಿಸಿದಷ್ಟಕ್ಕೆ ಮಡಿಕೆ ಸಂಖ್ಯೆ ಕೊಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಫೋಟೋ ತೆಗೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಿದರೆ ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ ಸಿಗುತ್ತದೆ, ಮಾಸಿದ ಗೀಟೂ ಕಾಣುತ್ತದೆ.

"ಎಣಿಕೆ" ಎಂದಿದ್ದೀರಿ. ಅಂಕಿಯ ನಂತರ ನಿಂತ ಗೀಟುಗಳಿವೆಯೇ? ಒಂದು ಗೀಟು ಕಾಲು, ಎರಡು ಅರೆ, ಮೂರು ಮುಕ್ಕಾಲು.

ಹಟ್ಟಿಮನೆ:
ಇವೆ. ಸುಮಾರು ಸಾಲುಗಳಲ್ಲಿ ಎರಡು ಗೀಟು. ಅಂಕಿಯ ಮುಂದೆ ಕೆಲವು ಕಡೆ "ಗ", ಕೆಲವು ಕಡೆ "ಹ". ವಾರ ಎಲ್ಲೂ ಇಲ್ಲ.

ಬಲಪ:
ಹಾಗಾದರೆ ಆ ಸಾಲುಗಳು ದನದ ಎಣಿಕೆಯಲ್ಲ, ದನಕ್ಕೆ ಅರೆ ಇರುವುದಿಲ್ಲ. ಗ ಎಂದರೆ ಗದ್ಯಾಣ, ಅಂದರೆ ವರಹ. ಹ ಎಂದರೆ ಹಣ. ಕಂಠೀರಾಯಿ (ಮೈಸೂರಿನ ಹಳೆಯ ನಾಣ್ಯ) ಲೆಕ್ಕದಲ್ಲಿ ಹತ್ತು ಹಣಕ್ಕೊಂದು ವರಹ. "ಹ" ಸಾಲುಗಳನ್ನು ಕೂಡಿ, ಹತ್ತಾದಾಗ "ಗ"ಕ್ಕೆ ಏರುತ್ತದೆಯೇ ನೋಡಿ. ಏರಿದರೆ ಓದು ಸರಿ. 1876ರ ಇಲಾಖೆ ಲೆಕ್ಕ ರೂಪಾಯಿ, ಆಣೆಯಲ್ಲಿರುತ್ತದೆ. ಹಳ್ಳಿಲೆಕ್ಕದಲ್ಲಿ ಹಣ ಎಂಬ ಮಾತು ಆಮೇಲೂ ಉಳಿದಿತ್ತು, ಆದರೂ ಇಡೀ ಕಡತ ವರಹದಲ್ಲೇ ನಡೆದಿದ್ದರೆ 1816ರ ಕಡೆಗೇ ತೂಕ.

ಕಾವಲುದಾರಿ:
ಪಹಣಿಯ ಬಗ್ಗೆ ಯಾರೂ ಹೇಳಲಿಲ್ಲ. "ಅಮೃತಮಹಲ್ ಕಾವಲು" ಎಂಬ ನಮೂದು ಆ ಜಮೀನಿನ ಸ್ವರೂಪ ಹೇಳುತ್ತದೆ, ನಿಮ್ಮವರು ನೌಕರರಾಗಿದ್ದರು ಎಂಬುದನ್ನಲ್ಲ. ತಾಲ್ಲೂಕು ಭೂಮಾಪನ ಕಚೇರಿಯಲ್ಲಿ ಆ ಸರ್ವೆ ನಂಬರಿನ ಮೂಲ ಟಿಪ್ಪಣಿ (ಅಳತೆಯ ನಕ್ಷೆ), ಆಕಾರಬಂದು (ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕ್ಷೆಗಳ ನಕಲಿಗೆ ಅರ್ಜಿ ಹಾಕಿ. ಮೈಸೂರಿನಲ್ಲಿ ಸರ್ವೆ ಶುರುವಾದದ್ದೇ 1863ರಲ್ಲಿ, ಅದಕ್ಕಿಂತ ಹಿಂದಿನದು ಅಲ್ಲಿ ಸಿಗದು. ಹಿಂದಿನದಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ.

ಕಾವಲುಗಳು ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆಬೇರೆ ಇದ್ದವು, ಮಂದೆ ಊರೂರು ದಾಟುತ್ತಿತ್ತು. ಆದ್ದರಿಂದ ಹಿರಿಯರ ಹೆಸರನ್ನು ಒಂದೇ ತಾಲ್ಲೂಕಿನಲ್ಲಿ ಹುಡುಕಿ ಕೈಬಿಡಬೇಡಿ. ಕಡತದಲ್ಲಿ ಬರುವ ಪ್ರತಿ ಕಾವಲಿನ ಹೆಸರನ್ನೂ ಪಟ್ಟಿ ಮಾಡಿ ನಕ್ಷೆಯಲ್ಲಿ ಗುರುತಿಸಿ.

ಊರಲ್ಲಿ ತುರುಗೋಳಿನ (ದನ ಹೊಡೆದೊಯ್ಯುವ ದಾಳಿಯ) ವೀರಗಲ್ಲು ಇದ್ದರೆ ಅದನ್ನೂ ಮನೆತನಕ್ಕೆ ಅಂಟಿಸುವ ಆಸೆ ಹುಟ್ಟುತ್ತದೆ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯಲ್ಲಿ ಪಾಠ ಓದಿ: ಹಾಸನ 5, ಚಿಕ್ಕಮಗಳೂರು 6, ಚಿತ್ರದುರ್ಗ 11, ತುಮಕೂರು 12ನೇ ಸಂಪುಟ. ದನ ಬಿಡಿಸಿಕೊಂಡು ಬರುವಾಗ ಸತ್ತ ವೀರನ ಹೆಸರಿಗೂ ನೂರಾರು ವರ್ಷ ಆಮೇಲಿನ ನಿಮ್ಮ ಕಡತಕ್ಕೂ ನಡುವೆ ಒಂದಾದರೂ ದಾಖಲೆ ಇಲ್ಲದಿದ್ದರೆ, ಅದು ಊರಿನ ಅಧ್ಯಾಯದಲ್ಲಿ ಇರಲಿ, ವಂಶವೃಕ್ಷದಲ್ಲಿ ಬೇಡ.