405 ನ್ಯಾನೊಮೀಟರಿನ ನೇರಳೆ-ನೀಲಿ ಟಾರ್ಚ್ ಹಾಕಿದರೆ ಎಲ್ಲಾ ನೇರಳೆ, ಗಡ್ಡೆಯ ಕೆಂಪು ಕಾಣುತ್ತಿಲ್ಲ

ಪ್ರಶ್ನೆ (ಬೆಳಗಾವಿ):
ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಹೋದ ವರ್ಷ ನಮ್ಮ ಸೋದರಮಾವನಿಗೆ ಮಿದುಳಿನ ಗಡ್ಡೆಯ ಆಪರೇಷನ್ ಆಯ್ತು. ಅದಕ್ಕೆ ಕೆಲವು ತಾಸು ಮೊದಲು 5-ಎಎಲ್‌ಎ ಔಷಧ ಕುಡಿಸಿದ್ದರು. ಗಡ್ಡೆಯ ಜೀವಕೋಶಗಳಲ್ಲಿ ಅದು ಪ್ರೋಟೊಪಾರ್ಫಿರಿನ್ ಎಂಬ ವಸ್ತು ಆಗುತ್ತದೆ, ನೀಲಿ ಬೆಳಕಿಗೆ ಕೆಂಪಗೆ ಹೊಳೆಯುತ್ತದೆ. ಇದನ್ನು ಕಾಲೇಜಿನ ಪ್ರದರ್ಶನದಲ್ಲಿ ಎಲ್ಲರಿಗೂ ತೋರಿಸುವ ಆಸೆ.

ಹಾಲು ಹಾಕಿದ ಚೈನಾ ಗ್ರಾಸ್ ಮಿದುಳಿನ ಬದಲಿಗೆ. ಅದರ ಮೇಲೆ ತತ್ತಿಯ ಸಿಪ್ಪೆ ಚೂರು, ಅದು ಗಡ್ಡೆ. ಟಾರ್ಚ್ ಹಾಕಿ ತೆಗೆದ ಮೊಬೈಲ್ ಫೋಟೊದಲ್ಲಿ ಬರೀ ನೇರಳೆ ಬರುತ್ತಿದೆ. ಎರಡು ದಿನದಿಂದ ಇದೇ ಗೋಳು.

ಬಾಗಲಕೋಟೆ:
ಫಾರಂ ಕೋಳಿಯ ಬಿಳಿ ತತ್ತಿ ಅಲ್ವಾ? ಪ್ರೋಟೊಪಾರ್ಫಿರಿನ್ ಇರುವುದು ಕಂದು ಸಿಪ್ಪೆಯಲ್ಲಿ.

ಪ್ರಶ್ನೆ ಕೇಳಿದವರು:
ಇಲ್ಲ ಅಣ್ಣಾ, ಜವಾರಿ ತತ್ತಿ. ಊರಿಂದ ಅವ್ವ ಕಳಿಸಿದ್ದು. ಕಂದೇ ಇದೆ.

ವಿಜಯಪುರ:
ತಮ್ಮಾ, ಸಿಪ್ಪೆ ಸರಿ ಇದೆ, ತಪ್ಪು ಕ್ಯಾಮೆರಾ ಕಡೆ. ಟಾರ್ಚಿನ ಬೆಳಕು ಹೊಡೆದು ವಾಪಸ್ ಬರುತ್ತದಲ್ಲ, ಅದರ ಮುಂದೆ 635 ನ್ಯಾನೊಮೀಟರ್ ಅಲೆಯುದ್ದದ ಸುತ್ತಲಿನ ಆ ಕೆಂಪು ಏನೇನೂ ಅಲ್ಲ. ಲೆನ್ಸಿನ ಮುಂದೆ ಹಳದಿ ಜಿಲೆಟಿನ್ ಪೇಪರ್ ಎರಡು ಪದರ ಇಡು. ಆಪರೇಷನ್ ಮೈಕ್ರೋಸ್ಕೋಪಿನಲ್ಲೂ ಇಂಥದೇ ಫಿಲ್ಟರ್ ಇರುತ್ತದೆ. ಅದು ನೀಲಿಯನ್ನು ಪೂರ್ತಿ ತಡೆಯುವುದಿಲ್ಲ, ಸ್ವಲ್ಪ ಬಿಡುತ್ತದೆ. ಇಲ್ಲದಿದ್ದರೆ ಸುತ್ತಲಿನ ಮಿದುಳು ಡಾಕ್ಟರಿಗೆ ಕಾಣುವುದಿಲ್ಲ.

ಕೋಣೆ ಕತ್ತಲಿರಲಿ. ಆಟೊ ವೈಟ್ ಬ್ಯಾಲೆನ್ಸ್ ಆಫ್ ಮಾಡು, ಅದು ಬಣ್ಣ ಕೆಡಿಸುತ್ತದೆ. ಕೆಳಗೆ ಬಿಳಿ ಕಾಗದ ಬೇಡ, ಅದೇ ನೀಲಿ ಹೊಳೆಯುತ್ತದೆ. ಹಾಲು ಕಡಿಮೆ ಮಾಡು. ಹಾಲಿನಲ್ಲಿರುವ ರೈಬೊಫ್ಲೇವಿನ್ ಎಂಬ ವಿಟಮಿನ್ ಹಸಿರು ಹೊಳಪು ಕೊಡುತ್ತದೆ. ನಿಜವಾದ ಮಿದುಳಿಗೂ ಸ್ವಂತ ಹೊಳಪಿದೆ, ಗಡ್ಡೆಯ ಅಂಚು ಗುರುತಿಸಲು ಅದೂ ಒಂದು ತೊಡಕು. ಟಾರ್ಚನ್ನು ಕಣ್ಣಿಗೆ ಮಾತ್ರ ಬಿಡಬೇಡ, ಲೇಸರ್ ಅಂತೂ ಬೇಡವೇ ಬೇಡ.

ಇನ್ನೊಂದು, ಪೋಸ್ಟರಿನಲ್ಲಿ ಇದನ್ನು ಬರಿ. 2006ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ ಎಂಆರ್‌ಐ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವ ಗಡ್ಡೆ ಪೂರ್ತಿ ತೆಗೆಯಲಾದದ್ದು ನೀಲಿ ಬೆಳಕಿನಲ್ಲಿ 65%, ಮಾಮೂಲಿ ಬೆಳಕಿನಲ್ಲಿ 36% ಜನರಿಗೆ. ಇದು ಜೋರಾಗಿ ಬೆಳೆಯುವ ಗಡ್ಡೆಗಳ ಮಾತು. ನಿಧಾನ ಬೆಳೆಯುವವು ಎಷ್ಟೋ ಸಲ ನೀಲಿ ಬೆಳಕಿಗೆ ಕೆಂಪಗೆ ಹೊಳೆಯುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ಬಂತು! ಕೆಂಡದ ಹಾಗೆ ಕೆಂಪಾಗಿದೆ. ಮಾವನಿಗೆ ಫೋಟೊ ಕಳಿಸಿದೆ. ಆದರೆ ಹತ್ತು ನಿಮಿಷ ಟಾರ್ಚ್ ಬಿಟ್ಟರೆ ಕೆಂಪು ಮಾಸುತ್ತಿದೆ ಅಣ್ಣಾ.

ವಿಜಯಪುರ:
ಬೆಳಕು ಬಿದ್ದಷ್ಟೂ ಪ್ರೋಟೊಪಾರ್ಫಿರಿನ್ ಕೆಡುತ್ತದೆ. ನೋಡುವಾಗ ಮಾತ್ರ ಟಾರ್ಚ್ ಹಾಕು. ಪ್ರದರ್ಶನದ ದಿನಕ್ಕೆ ಹೊಸ ಚೂರು ಇಟ್ಟುಕೋ.