ಎನ್‌ಐಎಚ್ ಗ್ರಾಂಟ್ ನಡುವೆ ಇಲಿಗಳೆಲ್ಲ ಸತ್ತವು, ಸಪ್ಲಿಮೆಂಟ್ (ಹೆಚ್ಚುವರಿ ಹಣ) ಕೇಳಬಹುದಾ?

ತೀರ್ಥಹಳ್ಳಿ_ಟು_ಒಹಾಯೊ

ನಮಸ್ಕಾರ. ಒಹಾಯೊದ ಒಂದು ಕಿಡ್ನಿ ಫೈಬ್ರೋಸಿಸ್ (ಕಿಡ್ನಿಯಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗುವ ಕಾಯಿಲೆ) ಲ್ಯಾಬಿನಲ್ಲಿ ಏಳು ವರ್ಷದಿಂದ ಇದ್ದೇನೆ. ಇಲಿ ಸಾಕುವುದು, ಕೊಯ್ಯುವುದು, ಬಾಸ್ ಹೆಸರಲ್ಲಿ ಅರ್ಜಿ ಗೀಚುವುದು ಎಲ್ಲ ನನ್ನದೇ. ನಮ್ಮದು ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಕೊಡುವ ಆರ್‌01 ಎಂಬ ಐದು ವರ್ಷದ ಸಂಶೋಧನಾ ಗ್ರಾಂಟ್, ಈಗ ಮೂರನೇ ವರ್ಷ.

ಜನವರಿಯ ಒಂದು ಶನಿವಾರ ರಾತ್ರಿ ಇಲಿಮನೆಯ ಹೀಟಿಂಗ್ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿತು. ಅಲಾರಂ ಹೋದದ್ದು ಕೆಲಸ ಬಿಟ್ಟು ಹೋಗಿದ್ದ ಒಬ್ಬರ ಫೋನಿಗೆ. ಭಾನುವಾರ ಬೆಳಿಗ್ಗೆ ನಾನು ಹೋದಾಗ 140 ಪಂಜರಗಳಲ್ಲಿ ಬಹುತೇಕ ಎಲ್ಲವೂ ಸತ್ತಿದ್ದವು. ಎದೆ, ಹೊಟ್ಟೆಯ ಕೂದಲೆಲ್ಲ ಒದ್ದೆ. ಸೆಕೆ ತಾಳಲಾರದೆ ಇಲಿಗಳು ತಮ್ಮ ಎಂಜಲನ್ನೇ ಮೈಗೆ ಸವರಿಕೊಳ್ಳುತ್ತವೆ ಎಂದು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಪುಣ್ಯಕ್ಕೆ ಎರಡೂ ತಳಿಗಳ ವೀರ್ಯ ಫ್ರೀಜ್ ಮಾಡಿಟ್ಟಿದ್ದೆ. ಐವಿಎಫ್‌ಗೆ ಆಗಲೇ ಕಳಿಸಿದ್ದೇನೆ. ಆದರೆ ಎರಡನ್ನೂ ಕೂಡಿಸಿ ಪ್ರಯೋಗಕ್ಕೆ ಬೇಕಾದಷ್ಟು ಇಲಿ ಆಗಲು ಎಂಟು-ಹತ್ತು ತಿಂಗಳು ಬೇಕು. ನನ್ನ ಲೆಕ್ಕದಲ್ಲಿ 78,000 ಡಾಲರ್. ಬಾಸ್ ಈಗ, "ಹೇಗೂ ಕೇಳ್ತೀವಲ್ಲ, ಸಿಂಗಲ್ ಸೆಲ್ ಸೀಕ್ವೆನ್ಸಿಂಗ್ ಅಂತ ಹೊಸ ಏಮ್ ಒಂದನ್ನೂ ಸೇರಿಸು" ಅನ್ನುತ್ತಿದ್ದಾರೆ (ಅಂದರೆ ಒಂದೊಂದೇ ಜೀವಕೋಶದ ಜೀನ್‌ಗಳನ್ನು ಓದುವ, ಮೂಲ ಅರ್ಜಿಯಲ್ಲಿಲ್ಲದ ಹೊಸ ಗುರಿ). ಸೇರಿಸಲಾ? ಮೊದಲು ಯಾರಿಗೆ ಬರೆಯಬೇಕು?

ಹಳೇ_ಪೋಸ್ಟ್‌ಡಾಕ್

ಮೇಡಂ, ಬಾಸ್ ಮಾತು ಕೇಳಬೇಡಿ. ಅಡ್ಮಿನಿಸ್ಟ್ರೇಟಿವ್ ಸಪ್ಲಿಮೆಂಟ್ ಇರುವುದೇ ಒಪ್ಪಿಗೆಯಾದ ಕೆಲಸಕ್ಕೆ ಅನಿರೀಕ್ಷಿತವಾಗಿ ಬಂದ ಖರ್ಚಿಗೆ. ಅದು ಸ್ಟಡಿ ಸೆಕ್ಷನ್‌ಗೆ (ಹೊರಗಿನ ವಿಜ್ಞಾನಿಗಳ ಪರಿಶೀಲನಾ ಸಮಿತಿಗೆ) ಹೋಗುವುದಿಲ್ಲ, ಗ್ರಾಂಟ್ ಕೊಟ್ಟ ಎನ್‌ಐಎಚ್ ಇನ್‌ಸ್ಟಿಟ್ಯೂಟಿನವರೇ ನೋಡಿ ತೀರ್ಮಾನಿಸುತ್ತಾರೆ. ಹೊಸ ಏಮ್ ಹಾಕಿದರೆ ಸ್ಕೋಪ್ (ಕೆಲಸದ ವ್ಯಾಪ್ತಿ) ಹಿಗ್ಗಿತು ಅಂತಲೇ ಲೆಕ್ಕ. ಅದಕ್ಕೆ ಕಾಂಪೀಟಿಂಗ್ ರಿವಿಷನ್ ಅನ್ನುವ ಬೇರೆ ಅರ್ಜಿ ಹಾಕಬೇಕು, ಅದು ಅಂಥ ಸಮಿತಿಯ ಪೀರ್ ರಿವ್ಯೂ ದಾಟಿ ಬರಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಇಲಿಯ ದುಡ್ಡೂ ಹೋಗುತ್ತದೆ.

ಮೊದಲು ಬರೆಯಬೇಕಾದ್ದು ಎನ್‌ಐಎಚ್‌ನಲ್ಲಿ ನಿಮ್ಮ ಗ್ರಾಂಟ್ ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ. ಅವರ ಹೆಸರು ನೋಟಿಸ್ ಆಫ್ ಅವಾರ್ಡ್‌ನಲ್ಲೇ (ಗ್ರಾಂಟ್ ಮಂಜೂರಾತಿ ಪತ್ರದಲ್ಲೇ) ಇರುತ್ತದೆ. ಬಾಸ್ ಕೈಯಿಂದಲೇ ಬರೆಸಿ. ಏನಾಯಿತು, ಯಾವ ಏಮ್ ನಿಂತಿದೆ, ಎಷ್ಟು ಬೇಕು, ಅಷ್ಟೇ. ಪುರಾಣ ಬೇಡ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕ್‌ನ ಲ್ಯಾಬೊಂದರ ನೆಲಮಾಳಿಗೆಗೆ ನೀರು ನುಗ್ಗಿ ಸಾವಿರಾರು ಇಲಿಗಳು ಸತ್ತಿದ್ದವು. ಆಮೇಲೆ ಎನ್‌ಐಎಚ್ ನಷ್ಟ ತುಂಬಿಕೊಳ್ಳಲು ಸಪ್ಲಿಮೆಂಟ್ ಕೊಟ್ಟಿತ್ತು. ಅದಕ್ಕೆ ಸಂಸತ್ತು ಬೇರೆಯೇ ಹಣ ತೆಗೆದಿಟ್ಟಿತ್ತು ಅನ್ನಿ. ನಿಮ್ಮ ವಾಲ್ವಿಗೆ ಯಾರೂ ತೆಗೆದಿಟ್ಟಿಲ್ಲ, ಇನ್‌ಸ್ಟಿಟ್ಯೂಟಿನ ಕಿಸೆಯಲ್ಲಿ ಉಳಿದದ್ದರಲ್ಲೇ ಕೊಡಬೇಕು.

ಬಜೆಟ್_ಭಟ್ಟ

ಅಕ್ಕಾ, ನಾನು ಗ್ರಾಂಟ್ಸ್ ಆಫೀಸಿನ ಕಡೆಯವನು. ಎರಡು ಪ್ರಶ್ನೆ ಬಂದೇ ಬರುತ್ತವೆ. ಖರ್ಚಾಗದೆ ಉಳಿದ ಹಣ ಎಷ್ಟು? ಯೂನಿವರ್ಸಿಟಿಯ ವಿಮೆಯಿಂದ ಏನು ಬರುತ್ತದೆ? ವಾರ್ಷಿಕ ವರದಿಯಲ್ಲೇ ಶೇ. 25ಕ್ಕಿಂತ ಹೆಚ್ಚು ಉಳಿಯುತ್ತದಾ ಅಂತ ಕೇಳಿರುತ್ತಾರೆ. ಹೌದು ಅಂತ ಬರೆದುಕೊಟ್ಟು, ಈಗ ಇನ್ನಷ್ಟು ಕೊಡಿ ಅಂದರೆ ನಗುತ್ತಾರೆ.

ಇನ್ನೊಂದು. ಅರ್ಜಿ ಹಾಕುವುದು ನೀವಲ್ಲ, ಬಾಸೂ ಅಲ್ಲ, ಸಂಸ್ಥೆ. ಕೊನೇ ದಿನ ಸಂಜೆ ಸಹಿಗೆ ಅಂತ ನಮ್ಮ ಮುಂದೆ ಬಂದು ನಿಲ್ಲಬೇಡಿ. ಸರ್ಕಾರದ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ, ಅದಕ್ಕೆ ಎಷ್ಟೋ ತಿಂಗಳು ಮೊದಲೇ ಅರ್ಜಿ ಒಳಗಿರಬೇಕು. ಸಪ್ಲಿಮೆಂಟಿನ ಕೆಲಸ ಮೂಲ ಗ್ರಾಂಟಿನ ಅವಧಿಯೊಳಗೇ ಮುಗಿಯಬೇಕು, ಇಲಿ ಬೆಳೆಸಲು ಹತ್ತು ತಿಂಗಳು ಅಂದರೆ ನಿಮಗೆ ಉಳಿಯುವುದು ಎಷ್ಟು ಅಂತಲೂ ನೋಡಿಕೊಳ್ಳಿ. ಇಲಿಗಳ ಸಂಖ್ಯೆ ಹೆಚ್ಚಿದರೆ ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿಯ ಪ್ರೋಟೊಕಾಲ್ ತಿದ್ದುಪಡಿ ಬೇರೆ.

ತೀರ್ಥಹಳ್ಳಿ_ಟು_ಒಹಾಯೊ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಭಟ್ರೇ, ನಿಮ್ಮ ಮಾತು ಕೇಳಿ ಲೆಕ್ಕ ತೆಗೆಸಿದೆ. ಹೋದ ವರ್ಷ ಟೆಕ್ನಿಷಿಯನ್ ಹುದ್ದೆ ಆರು ತಿಂಗಳು ಖಾಲಿ ಇತ್ತಲ್ಲ, ಅದರದ್ದೇ 27,000 ಉಳಿದಿದೆ! ಬಾಸ್‌ಗೂ ಗೊತ್ತಿರಲಿಲ್ಲ. ವಿಮೆಯವರು ಇಲಿ ಕೊಂಡ ಬೆಲೆ ಮಾತ್ರ ಕೊಡುತ್ತಾರಂತೆ. ನಮ್ಮಲ್ಲೇ ಹುಟ್ಟಿದ ತಳಿಗೆ ಕೊಂಡ ಬೆಲೆ ಎಲ್ಲಿಂದ ತರಲಿ?

ಈಗ 78,000 ಬಿಟ್ಟು 51,000 ಕೇಳುತ್ತಿದ್ದೇವೆ. ಓವರ್‌ಹೆಡ್ (ಯೂನಿವರ್ಸಿಟಿಗೆ ಹೋಗುವ ಪಾಲು) ಅದರ ಮೇಲೆ. ಪ್ರೋಗ್ರಾಂ ಆಫೀಸರ್ ಎರಡೇ ಸಾಲು ಉತ್ತರ ಕೊಟ್ಟರು: ಅರ್ಜಿ ಹಾಕಿ, ವಿಮೆಯವರ ಪತ್ರ ಲಗತ್ತಿಸಿ. ಸಿಂಗಲ್ ಸೆಲ್ ವಿಷಯ ಕೇಳಿದ್ದಕ್ಕೆ "ಬೇರೆ ಅರ್ಜಿ" ಅಂದರು, ಬಾಸ್ ಮುಖ ಸಣ್ಣಗಾಯಿತು. ಗ್ರಾಂಟ್ ನಂಬರಿನ ಕೊನೆಗೆ ಎಸ್1 ಅಂತ (ಮೊದಲ ಸಪ್ಲಿಮೆಂಟ್ ಮಂಜೂರಾದ ಗುರುತು) ಬಾಲ ಸೇರಿದ ದಿನ ಇಲ್ಲೇ ಬಂದು ತಿಳಿಸುತ್ತೇನೆ.

ಮೊನ್ನೆ ಐವಿಎಫ್‌ನ ಮೊದಲ ಮರಿಗಳು ಹುಟ್ಟಿದವು. ಆರರಲ್ಲಿ ಒಂದನ್ನು ತಾಯಿಯೇ ತಿಂದಳು. ಉಳಿದ ಐದರ ಜೀನೋಟೈಪ್ (ಬೇಕಾದ ಜೀನ್ ಇದೆಯಾ ಎಂಬ ಪರೀಕ್ಷೆಯ ಫಲಿತಾಂಶ) ಇನ್ನೂ ಬರಬೇಕು.