ಇಸಿಜಿ ನಾರ್ಮಲ್, ಎಕೋದಲ್ಲಿ ವಾಲ್ವ್ ತೊಂದರೆ: ಯಾವುದನ್ನ ನಂಬೋದು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 71 ವರ್ಷ. ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಚೆಕಪ್ ಮಾಡಿಸಿದಾಗ ಎದೆಯಲ್ಲಿ ಮರ್ಮರ್ ಅನ್ನೋ ಅಸಹಜ ಶಬ್ದ ಕೇಳಿಸುತ್ತಿದೆ ಅಂದರು. ಇಸಿಜಿ ನಾರ್ಮಲ್. ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟಿನಲ್ಲಿ ಅಯೋರ್ಟಿಕ್ ಸ್ಟೆನೋಸಿಸ್ (ಹೃದಯದಿಂದ ರಕ್ತ ಹೊರಹೋಗುವ ವಾಲ್ವ್ ಕಿರಿದಾಗಿರುವುದು), ವಾಲ್ವ್ ಏರಿಯಾ 0.9, ಮೀನ್ ಗ್ರೇಡಿಯೆಂಟ್ 32, ಇಎಫ್ 60 ಅಂತಿದೆ. ಒಬ್ಬ ಡಾಕ್ಟರು ಸಿವಿಯರ್ ಅಂದರು, ಇನ್ನೊಬ್ಬರು ಮಾಡರೇಟ್ ಅಂದರು. ಅಪ್ಪ ಮಾತ್ರ ನನಗೇನೂ ಆಗಿಲ್ಲ ಅಂತಾರೆ. ಇಎಫ್ ಚೆನ್ನಾಗಿದೆ ಅಲ್ವಾ, ಸುಮ್ನೆ ಇರಬಹುದಾ?

ಉತ್ತರ: ಗಾಬರಿ ಬೇಡ, ಆದ್ರೆ ಸುಮ್ನೆ ಇರಲೂಬೇಡಿ. ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಪಾಲು ಹೊರಹಾಕುತ್ತದೆ ಅನ್ನುವುದೇ ಇಎಫ್. ವಾಲ್ವ್ ಕಿರಿದಾಗಿದ್ದರೂ ಹೃದಯದ ಸ್ನಾಯು ದಪ್ಪವಾಗಿ, ಜಾಸ್ತಿ ಒತ್ತಡ ಹಾಕಿ ಎಷ್ಟೋ ವರ್ಷ ಆ ನಂಬರನ್ನ ಹಾಗೇ ಉಳಿಸಿಕೊಳ್ಳುತ್ತದೆ. ಇಸಿಜಿ ನೋಡುವುದು ಹೃದಯದ ವಿದ್ಯುತ್ ಚಟುವಟಿಕೆಯನ್ನ, ವಾಲ್ವನ್ನ ಅಲ್ಲ.

ಇಬ್ಬರೂ ಡಾಕ್ಟರು ತಪ್ಪು ಹೇಳಿಲ್ಲ. ಅಯೋರ್ಟಿಕ್ ವಾಲ್ವ್ ಸಾಮಾನ್ಯವಾಗಿ 3ರಿಂದ 4 ಚದರ ಸೆಂ.ಮೀ. ತೆರೆಯುತ್ತದೆ. 1ಕ್ಕಿಂತ ಕಮ್ಮಿಯಾದರೆ ಸಿವಿಯರ್. ವಾಲ್ವಿನ ಎರಡು ಕಡೆಯ ಒತ್ತಡದ ಸರಾಸರಿ ವ್ಯತ್ಯಾಸ, ಅಂದರೆ ಮೀನ್ ಗ್ರೇಡಿಯೆಂಟ್, 40 ಮುಟ್ಟಿದರೂ ಸಿವಿಯರ್. ನಿಮ್ಮ ಅಪ್ಪನಿಗೆ ಒಂದು ನಂಬರ್ ಆ ಕಡೆ, ಇನ್ನೊಂದು ಈ ಕಡೆ. ಇಂಥ ರಿಪೋರ್ಟ್ ಬಂದಾಗ ನಾನು ಮೊದಲು ಅಳತೆಯನ್ನೇ ಅನುಮಾನಿಸುತ್ತೇನೆ. ಏರಿಯಾ ಲೆಕ್ಕ ಹಾಕಲು ವಾಲ್ವಿನ ಕೆಳಗಿನ ದಾರಿಯ ಅಗಲವನ್ನ ಅಳೆಯುತ್ತಾರೆ, ಅದನ್ನ ವರ್ಗ ಮಾಡುತ್ತಾರೆ. ನಿಜವಾಗಿ 20 ಮಿ.ಮೀ. ಇರುವುದನ್ನ 18 ಅಂತ ಅಳೆದರೆ ಸಾಕು, ಏರಿಯಾ ಸುಮಾರು ಐದನೇ ಒಂದು ಭಾಗ ಕಮ್ಮಿ ಬರುತ್ತದೆ. ಎಕೋ ಮಾಡುವಾಗ ಬಿಪಿ ತುಂಬಾ ಜಾಸ್ತಿ ಇದ್ದರೂ ಗ್ರೇಡಿಯೆಂಟ್ ಕಮ್ಮಿ ತೋರಿಸಬಹುದು. ಆದ್ದರಿಂದ ಬಿಪಿ ಹತೋಟಿಯಲ್ಲಿದ್ದಾಗ ಎಕೋ ಮತ್ತೊಮ್ಮೆ ಮಾಡಿಸಿ. ಆಗಲೂ ಹೊಂದದಿದ್ದರೆ ವಾಲ್ವಿನಲ್ಲಿ ಎಷ್ಟು ಕ್ಯಾಲ್ಸಿಯಂ ಕೂತಿದೆ ಅಂತ ಅಳೆಯುವ ಸಿಟಿ ಕ್ಯಾಲ್ಸಿಯಂ ಸ್ಕೋರ್ ಇದೆ, ಅದಕ್ಕೆ ಡೈ ಇಂಜೆಕ್ಷನ್ ಬೇಡ. ಆ ಸ್ಕೋರ್ ಗಂಡಸರಿಗೆ 2000, ಹೆಂಗಸರಿಗೆ 1200 ದಾಟಿದರೆ ಸಿವಿಯರ್ ಇರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಮಾತು. ಅಪ್ಪನನ್ನ "ಹೇಗಿದ್ದೀರಿ" ಅಂತ ಕೇಳಬೇಡಿ. ಆರು ತಿಂಗಳ ಹಿಂದೆ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದಾರೆ ಅಂತ ಗಮನಿಸಿ.

ಮತ್ತೊಬ್ಬರ ಪ್ರಶ್ನೆ: ಮೇಡಂ, ನನ್ನ ರಿಪೋರ್ಟಲ್ಲಿ ಟ್ರಿವಿಯಲ್ ಎಂಆರ್, ಟ್ರಿವಿಯಲ್ ಟಿಆರ್ ಅಂತಿದೆ, ನಿದ್ದೆನೇ ಬರ್ತಿಲ್ಲ. ನಮ್ಮಣ್ಣನಿಗೆ ಬೈಕಸ್ಪಿಡ್ ವಾಲ್ವ್ ಬೇರೆ ಇದೆ.

ಉತ್ತರ: ಎಂಆರ್, ಟಿಆರ್ ಅಂದರೆ ಮೈಟ್ರಲ್, ಟ್ರೈಕಸ್ಪಿಡ್ ಅನ್ನುವ ಹೃದಯದ ಎರಡು ವಾಲ್ವುಗಳ ಸೋರಿಕೆ. ವಾಲ್ವಿನ ರಚನೆ ಸರಿಯಿದ್ದರೆ ಅಷ್ಟು ಚಿಕ್ಕ ಸೋರಿಕೆ ಆರೋಗ್ಯವಂತರಲ್ಲೂ ಕಾಣುತ್ತದೆ, ನಿದ್ದೆ ಮಾಡಿ. ಅಣ್ಣನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಮೂರು ಎಸಳಿರಬೇಕಾದ ವಾಲ್ವಿಗೆ ಎರಡೇ ಇರುವುದು ಕುಟುಂಬದಲ್ಲಿ ಬರಬಹುದು. ನಿಮ್ಮ ಎಕೋದಲ್ಲಿ ಅಯೋರ್ಟಿಕ್ ವಾಲ್ವಿಗೆ ಎಷ್ಟು ಎಸಳು, ಅಯೋರ್ಟಾದ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಅಗಲ ಎಷ್ಟು ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಮೊದಲು ಕೇಳಿದವರು: ನೀವು ಹೇಳಿದ ಮೇಲೆ ಗಮನಿಸಿದೆ. ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಂತು ಫೋನ್ ನೋಡ್ತಾರೆ. ಕೇಳಿದ್ರೆ, ಹೋದ ತಿಂಗಳು ಹತ್ತುವಾಗ ಕಣ್ಣು ಕತ್ತಲೆ ಬಂದಿತ್ತಂತೆ. ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಲಾ?

ಉತ್ತರ: ಬೇಡ, ಖಂಡಿತ ಬೇಡ. ಶ್ರಮಪಟ್ಟಾಗ ಕಣ್ಣು ಕತ್ತಲೆ ಬರುವವರಿಗೆ ಈ ವಾಲ್ವ್ ಸಿವಿಯರ್ ಇದ್ದರೆ ಟ್ರೆಡ್‌ಮಿಲ್ ಅಪಾಯ. ಈ ವಾರವೇ ಹೃದ್ರೋಗ ತಜ್ಞರನ್ನ ಕಾಣಿ, ಕಣ್ಣು ಕತ್ತಲೆ ಬಂದದ್ದನ್ನ ಮೊದಲ ಮಾತಾಗಿ ಹೇಳಿ. ಕಿರಿದಾದ ವಾಲ್ವನ್ನ ಅಗಲ ಮಾಡುವ ಮಾತ್ರೆ ಇಲ್ಲ, ಬದಲಿಸಲೇಬೇಕಾದರೆ ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಕೂರಿಸುವ ದಾರಿಯೂ ಇದೆ. ಅಲ್ಲಿವರೆಗೆ ಭಾರ ಎತ್ತುವುದು ಬೇಡ, ಬಿಪಿ ಮಾತ್ರೆ ನೀವಾಗಿ ಬದಲಿಸಬೇಡಿ. ಕಣ್ಣಿನ ಡಾಕ್ಟರಿಗೂ ವಿಷಯ ತಿಳಿಸಿ. ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.